ಅರವತ್ನಾಲ್ಕರಲ್ಲಿ ಒಂದು ಪಾಲು

(ಸುವರ್ಣ ಮಹೋತ್ಸವದ ಎರಡನೆಯ ದಿನ ಶಾಲೆಗೆ ಹಡಗಿನ ಮಾದರಿಯನ್ನು ಒಪ್ಪಿಸುವಾಗ ಆಡಿದ ಮಾತು)



ನನಗೆ ಭಾಷಣ ಅಭ್ಯಾಸವಿಲ್ಲ. ಮೂವತ್ತು ವರ್ಷ ಸರಕು ಹಡಗುಗಳಲ್ಲಿ ಫಿಟ್ಟರ್ ಆಗಿದ್ದವನು. ಇಂಜಿನ್ ರೂಮಿನ ಗದ್ದಲದಲ್ಲಿ ಮಾತು ಕಡಿಮೆ, ಕೈಸನ್ನೆ ಜಾಸ್ತಿ. ಹಾಗಾಗಿ ಮೇಜಿನ ಮೇಲಿರುವ ಈ ಹಡಗನ್ನು ತೋರಿಸಿಕೊಂಡೇ ಮಾತಾಡುತ್ತೇನೆ.

ಇದರ ಹೆಸರು 'ಅಮೆರಿಕ'. 1851ರಲ್ಲಿ ನ್ಯೂಯಾರ್ಕಿನಲ್ಲಿ ಕಟ್ಟಿದ ಎರಡು ಕಂಬದ ಪಂದ್ಯದ ಹಾಯಿ ಹಡಗು. ನಕ್ಷೆ ಮಾಡಿದವನು ಜಾರ್ಜ್ ಸ್ಟೀರ್ಸ್. ಅವನ ತಂದೆಯೂ ಹಡಗು ಕಟ್ಟುವವನೇ, ಇಂಗ್ಲೆಂಡಿನಿಂದ ವಲಸೆ ಹೋದವನು. ನ್ಯೂಯಾರ್ಕ್ ಯಾಟ್ ಕ್ಲಬ್ಬಿನ ಜಾನ್ ಕಾಕ್ಸ್ ಸ್ಟೀವನ್ಸ್ ಮತ್ತವನ ಸ್ನೇಹಿತರು ದುಡ್ಡು ಹಾಕಿ ಕಟ್ಟಿಸಿದರು. ಅಟ್ಲಾಂಟಿಕ್ ದಾಟಿ ಇಂಗ್ಲೆಂಡಿಗೇ ಹೋಗಿ, ಇಂಗ್ಲಿಷರ ನೀರಿನಲ್ಲೇ ಅವರನ್ನು ಸೋಲಿಸಬೇಕೆಂಬ ಹಟ.

ಆ ಕಾಲದ ಇಂಗ್ಲಿಷ್ ಹಡಗುಗಳ ಆಕಾರಕ್ಕೆ ಒಂದು ಮಾತಿತ್ತು: ಮುಂದೆ ಕಾಡ್ ಮೀನಿನ ತಲೆ, ಹಿಂದೆ ಬಂಗುಡೆಯ ಬಾಲ. ಅಂದರೆ ಮುಂಭಾಗ ದಪ್ಪ, ಹಿಂಭಾಗ ಸಪೂರ. ಬಂಗುಡೆಯ ಬಾಲ ಹೇಗಿರುತ್ತದೆಂದು ನಮ್ಮೂರವರಿಗೆ ನಾನು ಹೇಳಬೇಕಿಲ್ಲ. ಸ್ಟೀರ್ಸ್ ಇದನ್ನು ತಿರುಗಿಸಿದ. ಇಲ್ಲಿ ನೋಡಿ, ಮೂತಿ ಚೂಪು, ಎರಡೂ ಕೆನ್ನೆ ಸ್ವಲ್ಪ ಒಳಕ್ಕೆ ತಗ್ಗಿವೆ. ಅಗಲವೆಲ್ಲ ನಡುವಿಗೆ ಬಂದಿದೆ. ಕಂಬಗಳು ಹಿಂದಕ್ಕೆ ವಾಲಿವೆ. ನನ್ನ ಮೊಮ್ಮಗಳು "ಅಜ್ಜ, ಕಂಬ ಬೀಳ್ತಾ ಉಂಟು" ಎಂದಳು. ಬೀಳುತ್ತಿಲ್ಲ, ಇದ್ದದ್ದೇ ಹಾಗೆ. ಹಾಯಿಯೂ ಬೇರೆ. ಇಂಗ್ಲಿಷರದು ಅಗಸೆ ನಾರಿನ ಬಟ್ಟೆ, ಗಾಳಿಗೆ ಜೋಳಿಗೆಯಂತೆ ಉಬ್ಬುತ್ತಿತ್ತು. ಇದರದ್ದು ಯಂತ್ರದಲ್ಲಿ ನೇಯ್ದ ಹತ್ತಿ, ಹಲಗೆಯಂತೆ ಚಪ್ಪಟೆ ನಿಲ್ಲುತ್ತಿತ್ತು.

1851ರ ಆಗಸ್ಟ್ 22ರಂದು ಐಲ್ ಆಫ್ ವೈಟ್ ದ್ವೀಪದ ಸುತ್ತ ಪಂದ್ಯ. 53 ಮೈಲಿ. ಹೊರಡುವಾಗ ಲಂಗರಿನ ತೊಡಕಿನಿಂದ 'ಅಮೆರಿಕ' ಎಲ್ಲರಿಗಿಂತ ಹಿಂದೆ ಬಿತ್ತು. ಬೆಳಿಗ್ಗೆ 10ಕ್ಕೆ ಹೊರಟ ಪಂದ್ಯ, ರಾತ್ರಿ ಎಂಟೂವರೆ ದಾಟಿದ ಮೇಲೆ ಮೊದಲು ಮುಟ್ಟಿದ್ದು ಇದೇ. ತಕರಾರೂ ಬಂತು. ನ್ಯಾಬ್ ಎಂಬಲ್ಲಿದ್ದ ದೀಪದ ಹಡಗಿನ ಹೊರಗಿನಿಂದ ಉಳಿದವರು ಸುತ್ತಿ ಬಂದರೆ ಇದು ಒಳಗಿನಿಂದ ಹೋಗಿತ್ತು. ಪಂದ್ಯದ ಸೂಚನೆಗಳೇ ಗೊಂದಲವಾಗಿದ್ದವು, ತಕರಾರು ನಿಲ್ಲಲಿಲ್ಲ. ನನ್ನ ಲೆಕ್ಕದಲ್ಲಿ ಆ ಅಡ್ಡದಾರಿ ಇಲ್ಲದಿದ್ದರೂ ಗೆಲ್ಲುತ್ತಿತ್ತು, ಆದರೆ ನಾನು ಈ ಹಡಗಿನ ಪಕ್ಷದವನು, ನನ್ನ ಮಾತನ್ನು ಹಾಗೆಯೇ ತೆಗೆದುಕೊಳ್ಳಿ. ಆ ಬಹುಮಾನದ ಬೆಳ್ಳಿ ಹೂಜಿಯೇ ಇವತ್ತಿನ ಅಮೆರಿಕಾಸ್ ಕಪ್. 132 ವರ್ಷ ಅಮೆರಿಕದವರ ಕೈಯಲ್ಲೇ ಉಳಿದು, 1983ರಲ್ಲಿ ಆಸ್ಟ್ರೇಲಿಯದ ಪಾಲಾಯಿತು.

ನಮ್ಮ ಹಡಗು ಸೌತಾಂಪ್ಟನ್ನಿಗೆ ಹೋಗುವಾಗ ಆ ದ್ವೀಪದ ಪಕ್ಕದಲ್ಲೇ ಹಾದುಹೋಗುತ್ತಿತ್ತು. ಒಂದು ಸಲ ಬಂದರಿನ ಹತ್ತಿರದ ಅಂಗಡಿಯ ಗಾಜಿನಲ್ಲಿ ಇದರ ಚಿಕ್ಕ ಮಾದರಿ ನೋಡಿದೆ. ಬೆಲೆ ಕೇಳಿ ಹೊರಗೆ ಬಂದೆ. ನಕ್ಷೆ ಮಾತ್ರ ಕೊಂಡೆ.

ಇನ್ನು ಸ್ವಲ್ಪ ಮನೆಯ ವಿಷಯ. ನನ್ನ ಅಪ್ಪಯ್ಯ ದೋಣಿ ಕಟ್ಟುತ್ತಿದ್ದರು. ಇಲ್ಲಿ ಕುಳಿತ ಹಿರಿಯರಲ್ಲಿ ಕೆಲವರು ಅವರು ಕಟ್ಟಿದ ದೋಣಿಯಲ್ಲಿ ಬಲೆ ಹಾಕಿದವರೇ. ಕಾಗದ ಇಲ್ಲ, ಸ್ಕೇಲ್ ಇಲ್ಲ. ಒಂದು ಹಗ್ಗ, ಒಂದು ಕೋಲು, ಎರಡು ಕಣ್ಣು. ಎಂಟನೇ ಕ್ಲಾಸಿನಲ್ಲಿ ತಂದೆಯ ಕೆಲಸ ಏನೆಂದು ಕೇಳಿದಾಗ ನಾನು "ಬಿಸಿನೆಸ್" ಎಂದು ಬರೆಸಿದ್ದೆ. ಹೇಗೋ ಅವರಿಗೆ ಗೊತ್ತಾಯಿತು. ಬೈಯಲಿಲ್ಲ. ಆ ಮಳೆಗಾಲ ಪೂರ್ತಿ ನನ್ನನ್ನು ಕೆಲಸದ ಚಪ್ಪರಕ್ಕೆ ಕರೆಯಲಿಲ್ಲ, ಅಷ್ಟೇ.

ಒಂಬತ್ತರಲ್ಲಿ ಗಣಿತದಲ್ಲಿ 11 ಅಂಕ ಬಂತು. ಗಣಿತದ ಮಾಷ್ಟ್ರು ಸಂಜೆ ನಿಲ್ಲಿಸಿಕೊಂಡು ಅನುಪಾತ ಹೇಳಿಕೊಟ್ಟರು. ಯಾವುದಕ್ಕೆ ಬೇಕು ಇದು ಎಂದು ಆಗ ಅಂದುಕೊಂಡಿದ್ದೆ. ಬೇಕಾಯಿತು. ಈ ಮಾದರಿ ಅರವತ್ನಾಲ್ಕರಲ್ಲಿ ಒಂದು ಪಾಲು. ನಿಜವಾದ ಒಡಲು ಸುಮಾರು 101 ಅಡಿ, ಇದು ಸುಮಾರು 19 ಅಂಗುಲ. ಉದ್ದ 64 ಪಾಲು ಕಡಿಮೆಯಾದರೆ ಹಾಯಿಯ ವಿಸ್ತಾರ 4,096 ಪಾಲು ಕಡಿಮೆ. ತೂಕ? 2,62,144 ಪಾಲು. ಅಂದರೆ ನೂರು ಟನ್ನಿನ ಹಡಗನ್ನು ಈ ಅಳತೆಗೆ ಇಳಿಸಿದರೆ 380 ಗ್ರಾಂ ಚಿಲ್ಲರೆ. ವೇಗಕ್ಕೆ ಮಾತ್ರ ಲೆಕ್ಕ ಬೇರೆ, 64ರ ವರ್ಗಮೂಲ 8. ದೊಡ್ಡ ಹಡಗು ಗಂಟೆಗೆ ಎಂಟು ಮೈಲಿ ಹೋಗುವಾಗ ಏಳುವ ಅಲೆಯ ಆಕಾರವನ್ನು ಮಾದರಿಯಲ್ಲಿ ನೋಡಬೇಕಾದರೆ ಅದನ್ನು ಒಂದು ಮೈಲಿ ವೇಗದಲ್ಲಿ ಎಳೆಯಬೇಕು. ವಿಲಿಯಂ ಫ್ರೌಡ್ ಎಂಬಾತ ಇಂಗ್ಲೆಂಡಿನಲ್ಲಿ ಉದ್ದನೆಯ ನೀರಿನ ತೊಟ್ಟಿ ಕಟ್ಟಿ ಮಾದರಿಗಳನ್ನು ಎಳೆದು ಇದನ್ನು ತೋರಿಸಿದ. ಹತ್ತನೇ ತರಗತಿಯವರು ಬೇಕಾದರೆ ನಮ್ಮ ಶಾಲೆಯ ಕೆರೆಯಲ್ಲಿ ಪ್ರಯತ್ನಿಸಬಹುದು, ಈ ಹಡಗಿನಲ್ಲಿ ಬೇಡ!

ನಿವೃತ್ತಿಯಾಗಿ ಬಂದು ಹಲಸಿನ ಒಂದೇ ತುಂಡಿನಲ್ಲಿ ಮೊದಲ ಒಡಲು ಕೆತ್ತಿದೆ. ಮರ ಸರಿಯಾಗಿ ಒಣಗಿರಲಿಲ್ಲ, ಬೇಸಿಗೆಯಲ್ಲಿ ಉದ್ದಕ್ಕೆ ಸೀಳಿತು. ಎರಡನೆಯದು ಇದು, ತೆಳು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಕೆತ್ತಿದ್ದು. ಹದಿನಾಲ್ಕು ತಿಂಗಳು ಹಿಡಿಯಿತು.

ಅಪ್ಪಯ್ಯನಿಗೆ ಆಗ ಕಣ್ಣು ಪೂರ್ತಿ ಹೋಗಿತ್ತು. ಬಣ್ಣ ಹಾಕುವ ಮೊದಲು ಒಡಲನ್ನು ಅವರ ಮಡಿಲಲ್ಲಿಟ್ಟೆ. ಎರಡೂ ಹೆಬ್ಬೆರಳು ಮೂತಿಯಲ್ಲಿಟ್ಟು ನಿಧಾನ ಹಿಂದಕ್ಕೆ ಜಾರಿಸಿದರು. ಮತ್ತೊಮ್ಮೆ ಜಾರಿಸಿದರು. "ಎಡ್ಗಡೆ ಚೂರ್ ಹೊಟ್ಟಿ ಜಾಸ್ತಿ ಇತ್ತ್, ಕಾಣ್" ಎಂದರು. ನಾನು ನಕ್ಷೆಯಿಂದ ಕತ್ತರಿಸಿದ ಅಚ್ಚು ಹಿಡಿದು ನೋಡಿದೆ. ಅರ್ಧ ಮಿಲಿಮೀಟರ್ ಹೆಚ್ಚಿತ್ತು. ನಿಜವಾದ ಹಡಗಿಗೆ ಗುಣಿಸಿದರೆ 32 ಮಿಲಿಮೀಟರ್. "ನಾಳೆ ಉಜ್ಜುತ್ತೇನೆ" ಎಂದೆ. "ಇರ್ಲಿ, ಯಾರ್ ಕಟ್ಟಿದ್ದ್ ಇದ್?" ಎಂದು ಕೇಳಿದರು. "ನಾನೇ" ಎಂದೆ. "ಬಿಸಿನೆಸ್ ಅಲ್ದಾ?" ಎಂದು ನಕ್ಕರು. ನಲವತ್ತು ವರ್ಷ ಅದನ್ನು ಇಟ್ಟುಕೊಂಡಿದ್ದರು ನೋಡಿ. ಮುಂದಿನ ಮಳೆಗಾಲಕ್ಕೆ ಅವರು ಇರಲಿಲ್ಲ. ಆ ಎಡಬದಿಯನ್ನು ನಾನು ಉಜ್ಜಿಲ್ಲ.

ನಿಜವಾದ 'ಅಮೆರಿಕ' ಈಗಿಲ್ಲ. ಹೆಸರು ಬದಲಾಯಿತು, ಅಂತರ್ಯುದ್ಧದಲ್ಲಿ ಫ್ಲಾರಿಡಾದ ನದಿಯಲ್ಲಿ ಮುಳುಗಿಸಿ ಮತ್ತೆ ಎತ್ತಿದರು, ಕೊನೆಗೆ 1921ರಲ್ಲಿ ಅನಾಪೊಲಿಸ್ಸಿನ ನೌಕಾ ಅಕಾಡೆಮಿಗೆ ಬಂತು. ಅಲ್ಲಿ ರಿಪೇರಿಯಿಲ್ಲದೆ ಕೊಳೆಯಿತು. 1942ರ ಮಾರ್ಚಿನಲ್ಲಿ ಹಿಮದ ಭಾರಕ್ಕೆ ಮಾಡು ಕುಸಿದು ಅದರ ಮೇಲೇ ಬಿತ್ತು. 1945ರಲ್ಲಿ ಉಳಿದದ್ದನ್ನೂ ಒಡೆದು ಹಾಕಿದರು.

ಆದ್ದರಿಂದ ಮುಖ್ಯೋಪಾಧ್ಯಾಯರಲ್ಲಿ ಒಂದು ವಿನಂತಿ. ಇದನ್ನು ಪಶ್ಚಿಮದ ಗೋಡೆಗೆ ತಾಗಿಸಿ ಇಡಬೇಡಿ, ಅಲ್ಲಿ ಮಳೆಗಾಲದಲ್ಲಿ ನೀರು ಒಸರುತ್ತದೆ, ನಮ್ಮ ಕಾಲದಲ್ಲೂ ಒಸರುತ್ತಿತ್ತು. ಗೆದ್ದಲಿಗೆ ವರ್ಷಕ್ಕೊಮ್ಮೆ ನಾನೇ ಬಂದು ಎಣ್ಣೆ ಹಚ್ಚುತ್ತೇನೆ. ಇದರ ಜೊತೆ ಇನ್ನೊಂದು ತಂದಿದ್ದೇನೆ, ಅರ್ಧ ಒಡಲು ಮಾತ್ರ. ಆ ಕಾಲದ ಅಮೆರಿಕದ ಬಡಗಿಗಳು ಹೀಗೆಯೇ ಅರ್ಧ ಮಾದರಿ ಕೆತ್ತಿ, ಹಲಗೆ ಹಲಗೆಯಾಗಿ ಬಿಚ್ಚಿ, ಅಳತೆ ತೆಗೆದು, ನೆಲದ ಮೇಲೆ ದೊಡ್ಡದಾಗಿ ಗೀಟು ಹಾಕಿ ಹಡಗು ಕಟ್ಟುತ್ತಿದ್ದರು. ಇದರಲ್ಲಿ ಏಳು ಹಲಗೆ, ಮರದ ಮೊಳೆ ಎಳೆದರೆ ಬಿಡಿಯಾಗುತ್ತವೆ. ಇದಕ್ಕೆ ಗಾಜಿನ ಪೆಟ್ಟಿಗೆ ಬೇಡ. ಗಣಿತದ ಕ್ಲಾಸಿನಲ್ಲಿ ಮಕ್ಕಳ ಕೈಗೆ ಕೊಡಿ. ಮೊಳೆ ಕಳೆದರೆ ಹೇಳಿಕಳಿಸಿ, ಮನೆಯಲ್ಲಿ ಒಂದು ಡಬ್ಬಿ ತುಂಬ ಮಾಡಿಟ್ಟಿದ್ದೇನೆ.