ಕಲ್ಲುನಾಡಿನ ಮಗುವೂ ಮಿದುಳಿನ ಖನಿಜಗಳೂ



ಚಿಂಚೋಳಿಯಿಂದ ಮುಲ್ಲಾಮಾರಿ ಹೊಳೆಯನ್ನು ದಾಟಿದರೆ ಚಂದಾಪುರ. ಅಲ್ಲಿಂದ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದುಗಳ ಕಡೆಗೆ ಇಳಿದಂತೆಲ್ಲ ಸುಣ್ಣಕಲ್ಲಿನ ನೆಲ. ನಾಡಿನ ಎಷ್ಟೋ ಮನೆಗಳಿಗೆ ಹಾಸುಗಲ್ಲನ್ನೂ ಸಿಮೆಂಟನ್ನೂ ಒದಗಿಸಿದ ಸೀಮೆ ಇದು. ಚಂದಾಪುರದಲ್ಲಿ ಒಬ್ಬ ತಾಯಿ ನಮ್ಮನ್ನು ಕೇಳಿದ ಪ್ರಶ್ನೆಯೇ ಈ ಭಾಷಣಕ್ಕೆ ಕಾರಣ. ಆಕೆಯ ಮಗನಿಗೆ ನಾಲ್ಕು ತುಂಬಿದೆ. ಮಾತು ನಾಲ್ಕೈದಕ್ಕಿಂತ ಹೆಚ್ಚಿಲ್ಲ. ಹೆಸರು ಹಿಡಿದು ಕರೆದರೂ ತಿರುಗಿ ನೋಡುವುದಿಲ್ಲ. "ಬಸುರಿಯಾಗಿದ್ದಾಗ ಗೋಡೆಯ ಸುಣ್ಣ, ಬಳಪ ತಿಂದಿದ್ದೆ. ಅದರಿಂದಲೇ ಹೀಗಾಯಿತೆಂದು ಮನೆಯವರೆಲ್ಲ ಅನ್ನುತ್ತಾರೆ. ಹೌದೆ?" ಎಂದು ಆಕೆ ಕೇಳಿದಳು.

ಅಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಸುಣ್ಣವೂ ಸುಣ್ಣಕಲ್ಲಿನ ಧೂಳೂ ಮಗುವಿನ ಬುದ್ಧಿಯನ್ನು ಕೆಡಿಸಿದವೆಂಬುದಕ್ಕೆ ಆಧಾರವಿಲ್ಲ; ಧೂಳಿನ ಕೇಡು ಶ್ವಾಸಕೋಶಕ್ಕೆ, ಅದು ಬೇರೆಯ ಮಾತು. ಆಟಿಸಂ ಎಂಬ ಸ್ಥಿತಿಯಲ್ಲಿ ಹೆಚ್ಚಿನ ಪಾಲು ವಂಶಸೂತ್ರಗಳದು. ಮಣ್ಣು, ಬಳಪಗಳ ಮೇಲಿನ ಬಯಕೆಯಾದರೋ ಅನೇಕವೇಳೆ ರಕ್ತದಲ್ಲಿ ಕಬ್ಬಿಣ ಕಡಮೆಯಾದುದರ ಗುರುತು. ತಾಯಿಯನ್ನು ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸುವುದರ ಬದಲು ಆಕೆಯ ರಕ್ತವನ್ನು ಪರೀಕ್ಷಿಸಬೇಕಾಗಿತ್ತು. ನರತಂತುಗಳ ಮೇಲಣ ಹೊದಿಕೆ ಬೆಳೆಯುವುದಕ್ಕೆ ಕಬ್ಬಿಣ ಬೇಕು. ಶೈಶವದ ಕೊರತೆ ಮುಂದೆ ಕಲಿಕೆಯಲ್ಲಿಯೂ ಗಮನದಲ್ಲಿಯೂ ಕಾಣಿಸಿಕೊಳ್ಳುವುದುಂಟು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಭಾರತದಲ್ಲಿ ಆರು ತಿಂಗಳಿನಿಂದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಂದಿ ರಕ್ತಹೀನರು.

ಹಾಗಾದರೆ ಖನಿಜಗಳಿಗೂ ಮಿದುಳಿಗೂ ಸಂಬಂಧವಿಲ್ಲವೇ ಎಂದರೆ, ಇದೆ. ಬಹು ಗಾಢವಾಗಿಯೇ ಇದೆ. ಗರ್ಭಿಣಿಗೆ ದಿನಕ್ಕೆ ಬೇಕಾದ ಅಯೋಡಿನ್ನು 250 ಮೈಕ್ರೊಗ್ರಾಂ. ಸಾಸಿವೆ ಕಾಳಿನಷ್ಟೂ ಅಲ್ಲ. ಅದು ತೀರ ಕಡಮೆಯಾದರೆ ಮಗು ಕಿವುಡಾಗಿ, ಕುಳ್ಳಾಗಿ, ಮಂದಬುದ್ಧಿಯಾಗಿ ಹುಟ್ಟಬಹುದು. ಮಾರುವ ಅಡಿಗೆ ಉಪ್ಪಿಗೆಲ್ಲ ಅಯೋಡಿನ್ನು ಸೇರಿರತಕ್ಕದ್ದೆಂಬ ಕಟ್ಟಳೆ 2006ರಲ್ಲಿ ಮತ್ತೆ ಜಾರಿಗೆ ಬಂದಿತು. ಆದರೆ ಹರಳುಪ್ಪನ್ನು ತೊಳೆದು ಬಳಸುವ ಮನೆಗಳಲ್ಲಿ ಆ ಕಟ್ಟಳೆಯು ಬಚ್ಚಲಿಗೆ ಹರಿದುಹೋಗುತ್ತದೆ!

ಇನ್ನು ಸೀಸ. ಇದರ ವಂಚನೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸುಣ್ಣದ ಧಾತುವಾದ ಕ್ಯಾಲ್ಸಿಯಮ್ಮಿಗೂ ಸೀಸಕ್ಕೂ ದೇಹವು ಭೇದವನ್ನು ಸರಿಯಾಗಿ ಅರಿಯದು. ಕ್ಯಾಲ್ಸಿಯಮ್ಮಿಗೆಂದು ತೆರೆದ ಬಾಗಿಲಿನಿಂದಲೇ ಸೀಸವು ಕರುಳನ್ನು ಹೊಕ್ಕು, ಎಲುಬಿನಲ್ಲಿ ನೆಲೆಸಿ, ನರಗಳ ನಡುವಣ ಸಂದೇಶವನ್ನು ಕೆಡಿಸುತ್ತದೆ. ಹಿರಿಯರಿಗಿಂತ ಮಕ್ಕಳು ಅದನ್ನು ನಾಲ್ಕೈದು ಪಟ್ಟು ಹೀರುತ್ತಾರೆ. ಕಬ್ಬಿಣವೂ ಕ್ಯಾಲ್ಸಿಯಮ್ಮೂ ಸಾಲದ ಮಗು ಇನ್ನೂ ಹೆಚ್ಚು. ಇಷ್ಟರವರೆಗೆ ಅಪಾಯವಿಲ್ಲ ಎನ್ನಬಹುದಾದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 2000ದಲ್ಲಿ ಪೆಟ್ರೋಲಿನಿಂದ ಸೀಸ ಹೋಯಿತು. ಮನೆಬಣ್ಣಕ್ಕೆ ಹತ್ತು ಲಕ್ಷದಲ್ಲಿ 90 ಭಾಗವೆಂಬ ಮಿತಿ 2017ರಲ್ಲಿ ಬಂದಿತು. ಹಳೆಯ ಬಾಗಿಲು ಕಿಟಕಿಗಳ ಬಣ್ಣ ಮಾತ್ರ ಇದ್ದಲ್ಲಿಯೇ ಇದೆ. ಅದರ ಚಕ್ಕೆಯನ್ನು ಮಗು ಬಾಯಿಗಿಟ್ಟರೆ, ಅದನ್ನು ಸುಣ್ಣ ತಿಂದಂತೆಂದು ಬಿಡಲಾಗದು. ಕಣ್ಣಿಗೆ ಹಚ್ಚುವ ಸುರ್ಮಾ ಕೆಲವೆಡೆ ಸೀಸದ ಗಂಧಕಮಿಶ್ರಣವೇ ಆಗಿರುತ್ತದೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುವ ತವರದಲ್ಲಿ ಸೀಸ ಬೆರೆತಿದ್ದರೆ ಹುಣಿಸೆಯ ಹುಳಿ ಅದನ್ನು ಸಾರಿಗೆ ಇಳಿಸುತ್ತದೆ.

ನೀರಿನ ಮಾತು. ಕಲಬುರಗಿ ಜಿಲ್ಲೆಯ ಕೆಲವು ಕೊಳವೆಬಾವಿಗಳಲ್ಲಿ ಫ್ಲೋರೈಡು ಮಿತಿಮೀರಿದೆ. ಲೀಟರಿಗೆ 1.5 ಮಿಲಿಗ್ರಾಮಿಗೆ ಮೇಲ್ಪಟ್ಟ ಕಡೆ ಮಕ್ಕಳ ಬುದ್ಧಿಯ ಅಳತೆ ತಗ್ಗಿರುವುದೆಂದು 2024ರಲ್ಲಿ ಅಮೆರಿಕದ ರಾಷ್ಟ್ರೀಯ ವಿಷಶಾಸ್ತ್ರ ಕಾರ್ಯಕ್ರಮವು ಮಧ್ಯಮ ಭರವಸೆಯಿಂದ ತೀರ್ಮಾನಿಸಿತು. ಕುದಿಸಿದರೆ ಫ್ಲೋರೈಡು ಹೋಗದು. ನೀರು ಆವಿಯಾಗಿ ಇನ್ನೂ ಗಟ್ಟಿಯಾಗುವುದು.

ಆ ತಾಯಿಯ ಕೈಯಲ್ಲಿ ಒಂದು ಕಾಗದವೂ ಇತ್ತು. ಯಾರೋ ಮಗುವಿನ ಕೂದಲನ್ನು ಪರೀಕ್ಷೆಗೆ ಕಳುಹಿಸಿ, ಹತ್ತಾರು ಲೋಹಗಳ ಪಟ್ಟಿಯನ್ನು ತರಿಸಿ, ಅವನ್ನು 'ತೊಳೆಯುವ' ಚಿಕಿತ್ಸೆಗೆ ಹಣ ಕೇಳಿದ್ದರು. ಆಟಿಸಮ್ಮಿಗೆ ಇಂಥ ಚಿಕಿತ್ಸೆ ಇಲ್ಲ. ಲೋಹವನ್ನು ಹೊರಡಿಸುವ ಔಷಧಗಳು ರಕ್ತಪರೀಕ್ಷೆಯಲ್ಲಿ ಸೀಸ ಬಹಳವಾಗಿ ಕಂಡವರಿಗೆ, ಆಸ್ಪತ್ರೆಯಲ್ಲಿ ಮಾತ್ರ ಸಲ್ಲತಕ್ಕವು. 2005ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಆಟಿಸಮ್ಮಿದ್ದ ಐದು ವರ್ಷದ ಹುಡುಗನೊಬ್ಬ ಇದೇ ಬಗೆಯ ಔಷಧವೇರಿಸುವಾಗ, ರಕ್ತದ ಕ್ಯಾಲ್ಸಿಯಂ ಒಮ್ಮೆಲೇ ಕುಸಿದು ತೀರಿಕೊಂಡ.

ಕಾಗದವನ್ನು ಮಡಿಸಿಡುವಂತೆ ಹೇಳಿದೆವು. ಕರೆದರೆ ತಿರುಗದ ಮಗುವಿಗೆ ಮೊದಲು ಆಗಬೇಕಾದುದು ಕಿವಿಯ ಪರೀಕ್ಷೆ. ಜೊತೆಗೆ ಥೈರಾಯ್ಡ್, ರಕ್ತದ ಕಬ್ಬಿಣ, ಸೀಸ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದವರು ಅಂಗನವಾಡಿಗೇ ಬಂದು ಮಕ್ಕಳನ್ನು ನೋಡುತ್ತಾರೆ. ಮಾತು, ಶ್ರವಣಗಳ ವಿಷಯದಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. ಆಕೆ ಎಲ್ಲವನ್ನೂ ಕೇಳಿಕೊಂಡು, "ಹಾಗಾದರೆ ಸುಣ್ಣದ್ದಲ್ಲ ಅಂತ ಮನೆಯವರಿಗೆ ನೀವೇ ಒಂದು ಮಾತು ಹೇಳಿ" ಎಂದಳು. ಸಂಜೆ ಅವರ ಮನೆಗೆ ಹೋಗಿ, ಆಕೆಯ ಅತ್ತೆಯ ಎದುರಿಗೆ ಹೇಳಿ ಬಂದೆವು.