ಆರನೆಯ ಬೆರಳು



‘ರೂಪಾಂತರಿ’ ಎಂಬ ಮಾತು ಕೋವಿಡ್ ಕಾಲದಲ್ಲಿ ನಮ್ಮ ಜಗಲಿಗೂ ಬಂತು. ಅಲ್ಲಿಯವರೆಗೆ ‘ಉತ್ಪರಿವರ್ತನೆ’ ಎಂಬ ಬಿಗಿಯಾದ ಹೆಸರು ಹೊತ್ತ ಸಂಗತಿ ಜೀವಶಾಸ್ತ್ರದ ಪಾಠದೊಳಗೇ ಇತ್ತು. 1927ರಲ್ಲಿ ಹರ್ಮನ್ ಮುಲ್ಲರ್ ಹಣ್ಣುನೊಣಗಳ ಮೇಲೆ ಎಕ್ಸ್-ರೇ ಹಾಯಿಸಿ, ವಿಕಿರಣ ತಳಿಗುಣವನ್ನೇ ಬದಲಿಸಬಲ್ಲದೆಂದು ತೋರಿಸಿದರು. ಕಥೆಗಾರರಿಗೆ ಅಷ್ಟು ಸಾಕಾಯಿತು. ನೊಣದ ಜಾಗದಲ್ಲಿ ಮನುಷ್ಯನನ್ನಿಟ್ಟು ಕಾಲವನ್ನು ನೂರಾರು ವರ್ಷ ಮುಂದಕ್ಕೆ ತಳ್ಳಿದರು.

ನನಗೆ ಬಲು ಇಷ್ಟವಾದದ್ದು ರಾಬರ್ಟ್ ಹೈನ್‌ಲೈನ್ 1941ರಲ್ಲಿ ಬರೆದ ‘ಯೂನಿವರ್ಸ್’. ತಲೆಮಾರುಗಳಿಂದ ಸಾಗುತ್ತಿರುವ ಒಂದು ನೌಕೆ. ಒಳಗಿರುವವರಿಗೆ ನೌಕೆಯೇ ಜಗತ್ತು, ಹೊರಗೆ ಏನೂ ಇಲ್ಲ. ಊನವಿದ್ದು ಹುಟ್ಟಿದ ಕೂಸನ್ನು ಅವರು ಉಳಿಸಿಕೊಳ್ಳುವುದಿಲ್ಲ. ಮೇಲಿನ ಅಂತಸ್ತುಗಳಲ್ಲಿ ‘ಮ್ಯೂಟಿ’ಗಳಿದ್ದಾರೆ. ಮ್ಯೂಟೆಂಟ್ ಆದದ್ದರಿಂದ ಮ್ಯೂಟಿಯೋ, ಹಿಂದೆಂದೋ ಮ್ಯೂಟಿನಿ, ಅಂದರೆ ದಂಗೆ, ಎದ್ದವರ ಸಂತತಿಯಾದ್ದರಿಂದ ಮ್ಯೂಟಿಯೋ, ಎರಡೂ ಬೆರೆತುಹೋಗಿವೆ. ಬೇರೆ ಥರ ಹುಟ್ಟುವುದೂ ಬಂಡೇಳುವುದೂ ಒಂದೇ ಬೈಗುಳವಾದಾಗ ಆ ಸಮಾಜದ ವಿಷಯ ಇನ್ನೇನು ಕೇಳುವುದಿದೆ?

ಇಲ್ಲೊಂದು ಭೌತಶಾಸ್ತ್ರವಿದೆ. ನೌಕೆ ಗಿರಗಿರನೆ ತಿರುಗುವುದರಿಂದ ಹೊರಸುತ್ತಿನಲ್ಲಿ ತೂಕ ಹೆಚ್ಚು, ನಡುವಿನ ಅಚ್ಚಿನ ಕಡೆ, ಅಂದರೆ ಮೇಲಕ್ಕೆ, ಹೋದಂತೆ ಕಡಿಮೆ. ‘ಶುದ್ಧ’ರು ಕಾಲೂರಿ ಬೇಸಾಯ ಮಾಡುವುದು ಹೊರಸುತ್ತಿನಲ್ಲಿ, ಮ್ಯೂಟಿಗಳ ಪಾಲಿಗೆ ಬಂದದ್ದು ತೂಕವಿಲ್ಲದ ನಡುಭಾಗ. ಆದರೆ ನೌಕೆ ನಡೆಸುವ ಕೋಣೆ ಇರುವುದೂ, ನಕ್ಷತ್ರಗಳು ಕಾಣುವುದೂ ಅಲ್ಲೇ! ಎರಡು ತಲೆಯ ಜೋ-ಜಿಮ್ ಹಳೆಯ ಪುಸ್ತಕಗಳನ್ನು ಓದಿಕೊಂಡು, ಎರಡು ಬಾಯಲ್ಲಿ ತನ್ನೊಡನೆ ತಾನೇ ವಾದ ಮಾಡುತ್ತ ಕೂತಿರುತ್ತಾನೆ. ತಾವಿರುವುದು ಜಗತ್ತಲ್ಲ, ಬರೀ ನೌಕೆ ಎಂಬುದು ಅವನಿಗೆ ಗೊತ್ತು. ಯಾರನ್ನು ಹೊರಹಾಕಿದರೋ ಅವರ ಬಳಿಯೇ ಕಿಟಕಿ ಉಳಿಯಿತು.

ಜಾನ್ ವಿಂಡಮ್‌ರ ‘ದ ಕ್ರಿಸಲಿಡ್ಸ್’ (1955) ಇಷ್ಟು ಉದಾರವಲ್ಲ. ಅಣುದುರಂತವಾಗಿ ಶತಮಾನಗಳು ಕಳೆದ ಲ್ಯಾಬ್ರಡಾರ್. ಬೆಳೆ ಸ್ವಲ್ಪ ಬೇರೆಯಾದರೆ ಸುಡುತ್ತಾರೆ. ಮಗು ಬೇರೆಯಾದರೆ ಅದು ಮನುಷ್ಯನೇ ಅಲ್ಲ. ಸೋಫಿ ಎಂಬ ಹುಡುಗಿಗೆ ಕಾಲಿನಲ್ಲಿ ಆರು ಬೆರಳು. ಬಂಡೆಯ ಮೇಲೆ ಮೂಡಿದ ಒಂದು ಒದ್ದೆ ಹೆಜ್ಜೆ ಅವಳ ಗುಟ್ಟನ್ನು ಬಿಟ್ಟುಕೊಡುತ್ತದೆ. ನಮ್ಮಲ್ಲಿ ಆರು ಬೆರಳಿನ ಕೂಸು ಹುಟ್ಟಿದರೆ ಅದೃಷ್ಟ ಎನ್ನುವ ಅಜ್ಜಿಯರಿದ್ದಾರೆ. ಬೆರಳು ಅದೇ, ಲೆಕ್ಕ ಹಾಕುವವರು ಬೇರೆ.

ಕಾದಂಬರಿಯ ಕೊನೆ ಮಾತ್ರ ನನಗೆ ಇಂದಿಗೂ ಮುಳ್ಳು. ಮಾತಿಲ್ಲದೆ ಮನಸ್ಸಿನಲ್ಲೇ ಸಂಭಾಷಿಸಬಲ್ಲ ಮಕ್ಕಳನ್ನು ಕಾಪಾಡಲು ದೂರದೇಶದಿಂದ ಅಂಥದೇ ಶಕ್ತಿಯ ಹೆಂಗಸೊಬ್ಬಳು ಬರುತ್ತಾಳೆ. ಬಂದವಳು ಅಲ್ಲಿದ್ದವರನ್ನು ಬೇಟೆಗಾರ, ಬಲಿಪಶು ಎಂದು ನೋಡದೆ ಕೊಂದು, ಹಳೆಯ ತಳಿ ಅಳಿಯಲೇಬೇಕು ಎಂದು ತಣ್ಣಗೆ ವಿವರಿಸುತ್ತಾಳೆ. ಸೋಫಿಯ ಊರಿನವರ ವಾದವೇ, ಸ್ವಲ್ಪ ಇಸ್ತ್ರಿ ಮಾಡಿದ್ದು. ಇದನ್ನು ಬಿಡುಗಡೆ ಎಂದು ಓದುವವರಿದ್ದಾರೆ. ನನ್ನಿಂದ ಆಗುವುದಿಲ್ಲ.

ಇನ್ನು ಅಸಿಮೋವ್. ‘ಫೌಂಡೇಶನ್’ ಸರಣಿಯಲ್ಲಿ ಹ್ಯಾರಿ ಸೆಲ್ಡನ್ ಕೋಟ್ಯಂತರ ಜನರ ನಡೆಯನ್ನು ಗಣಿತದಿಂದ ಮುಂಗಾಣುತ್ತಾನೆ. ಆ ಲೆಕ್ಕ ಸಮೂಹಕ್ಕೆ ಒಗ್ಗೀತು, ಒಬ್ಬನಿಗಲ್ಲ. ಆ ಒಬ್ಬನೇ ‘ಮ್ಯೂಲ್’, ಅಂದರೆ ಹೇಸರಗತ್ತೆ: ಸಂತಾನವಾಗದ ರೂಪಾಂತರಿ. ಅನ್ಯರ ಭಾವನೆಗಳನ್ನು ತಿರುಚಬಲ್ಲವನು. ಶತ್ರು ಸೇನಾಪತಿಗಳೂ ಅವನ ಭಕ್ತರಾಗುತ್ತಾರೆ. ಅವನು ಕೋಡಂಗಿಯ ವೇಷದಲ್ಲಿ ಬೇಟಾ ಎಂಬಾಕೆಯ ಜೊತೆ ಅಲೆಯುತ್ತಾನೆ. ಮ್ಯೂಲ್ ಹುಡುಕುತ್ತಿರುವ ಎರಡನೆಯ ಫೌಂಡೇಶನ್ ಎಲ್ಲಿದೆಯೆಂದು ವಿದ್ವಾಂಸ ಮಿಸ್ ಬಾಯಿಬಿಡುವ ಗಳಿಗೆಯಲ್ಲಿ, ಕೋಡಂಗಿಯೇ ಮ್ಯೂಲ್ ಎಂಬ ಗುಟ್ಟು ಹೊಳೆದ ಬೇಟಾ ಆ ವಿದ್ವಾಂಸನನ್ನೇ ಗುಂಡಿಟ್ಟು ಕೊಲ್ಲುತ್ತಾಳೆ. ಎಲ್ಲರ ಮನಸ್ಸನ್ನೂ ತಿರುಚಿದವನು ಅವಳದ್ದನ್ನು ಮುಟ್ಟಿರಲಿಲ್ಲ. ಕಾರಣ ಅವನೇ ಹೇಳುತ್ತಾನೆ: ಅವನು ಏನೂ ಮಾಡದೆಯೇ ಅವನನ್ನು ಇಷ್ಟಪಟ್ಟವಳು ಅವಳೊಬ್ಬಳೇ.