ಮಂಗ ಸಾಯದ ವರ್ಷಗಳು



ಮಲೆನಾಡಿನ ಮಂಗನ ಕಾಯಿಲೆಯನ್ನು ಕುರಿತ ಈ ವಿಚಾರಸಂಕಿರಣದಲ್ಲಿ ಆಶಯದ ಮಾತುಗಳನ್ನಾಡಲು ನಿಂತಿದ್ದೇನೆ. ಈ ರೋಗವನ್ನು ಹರಡುವ ಉಣುಗಿನ ಜೀವನಚಕ್ರವನ್ನು ನನಗಿಂತ ಚೆನ್ನಾಗಿ ಬಲ್ಲವರು ಮುಂದಿನ ಸಾಲಿನಲ್ಲಿಯೇ ಕುಳಿತಿರುವುದರಿಂದಲೂ, ಲಸಿಕೆಯ ಇತಿಹಾಸವನ್ನು ಹೇಳಲು ಅರ್ಹರಾದವರು ಮಧ್ಯಾಹ್ನದ ಗೋಷ್ಠಿಯಲ್ಲಿ ಮಾತನಾಡಲಿರುವುದರಿಂದಲೂ, ಬಹುಕಾಲದಿಂದ ನನ್ನನ್ನು ಬಿಡದೆ ಕಾಡುತ್ತಿರುವ ಒಂದೇ ಪ್ರಶ್ನೆಯನ್ನು ತಮ್ಮ ಮುಂದಿಡುತ್ತೇನೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯಗಳು ಸತ್ತುಬೀಳುತ್ತಿವೆಯೆಂಬ ವಾರ್ತೆ ಹಬ್ಬಿದಾಗ, ಆಫ್ರಿಕದ ಹಳದಿಜ್ವರವೇ ನಮ್ಮಲ್ಲಿಗೆ ಕಾಲಿಟ್ಟಿತೋ ಎಂಬ ಭೀತಿಯಿಂದ ಬಂದ ಪುಣೆಯ ವೈರಸ್ ಸಂಶೋಧನ ಕೇಂದ್ರದ ವಿಜ್ಞಾನಿಗಳು, ಹೊಸದೊಂದು ವೈರಸ್ಸನ್ನು ಗುರುತಿಸಿದುದಲ್ಲದೆ, ಮುಂದಿನ ವರ್ಷಗಳಲ್ಲಿ ಇಲಿ, ಮೂಗಿಲಿ, ಹಕ್ಕಿ, ದನಗಳವರೆಗೆ ಕಾಡಿನ ಸಮಸ್ತ ಸಂಸಾರವನ್ನೂ ಪರೀಕ್ಷೆಗೊಳಪಡಿಸಿದರು. ಆ ವಿಶಾಲವಾದ ದೃಷ್ಟಿ ಕ್ರಮೇಣ ಕುಗ್ಗಿ, ಸತ್ತ ಮಂಗಗಳನ್ನೂ ಜ್ವರಪೀಡಿತರನ್ನೂ ಎಣಿಸುವುದೇ ರೋಗ ಸರ್ವೇಕ್ಷಣೆ ಎನಿಸಿಕೊಂಡದ್ದೇ ನಾವು ದಾರಿತಪ್ಪಿದ ಸ್ಥಳವೆಂಬುದು ನನ್ನ ದೃಢವಾದ ನಂಬಿಕೆ. ಸಾವು ವರದಿಯಾದ ಸ್ಥಳದ ಸುತ್ತ ಐದು ಕಿಲೋಮೀಟರಿನ ವೃತ್ತವೆಳೆದು ಲಸಿಕೆ ಹಾಕಿದೆವು. ತಿಂಗಳ ಅಂತರದಲ್ಲಿ ಎರಡು ಸಲ ಚುಚ್ಚಿಸಿಕೊಂಡು, ಕೆಲವು ತಿಂಗಳ ಮೇಲೆ ಮತ್ತೊಮ್ಮೆ ಚುಚ್ಚಿಸಿಕೊಳ್ಳಬೇಕಾಗಿದ್ದ ಲಸಿಕೆಯನ್ನು, ಉಣುಗಿನ ಮರಿಗಳು ತರಗೆಲೆಗಳಲ್ಲಿ ತುಂಬಿಕೊಂಡ ಮೇಲೆ ಹೊತ್ತುಕೊಂಡು ಹೋದರೆ ಯಾರಿಗೆ ರಕ್ಷಣೆಯಾದೀತು? ತೋಳುನೋವಿಗೆ ಹೆದರಿ, ಕೂಲಿ ತಪ್ಪೀತೆಂದು ಎರಡನೆಯ ಸಲಕ್ಕೆ ಬಾರದವರನ್ನು ದೂರುವುದು ನನಗೆ ನ್ಯಾಯವಾಗಿ ತೋರುವುದಿಲ್ಲ. ಆ ಲಸಿಕೆಯೂ 2022ರಲ್ಲಿ ನಿಂತುಹೋಯಿತು.

ಸಾಗರದ ಕಡೆಯ ಸೊಪ್ಪಿನಬೆಟ್ಟವೊಂದರಲ್ಲಿ, ಕೊಟ್ಟಿಗೆಗೆ ಹಾಸಲು ತರಗೆಲೆ ಗುಡಿಸುತ್ತಿದ್ದ ಹೆಂಗಸೊಬ್ಬರು ಸೀರೆಯ ಅಂಚನ್ನು ಮಡಿಚಿ, ಎಳ್ಳುಕಾಳಿಗಿಂತ ಸಣ್ಣದಾದ ನಾಲ್ಕಾರು ಮರಿಗಳನ್ನು ನನಗೆ ತೋರಿಸಿ ಹೇಳಿದ್ದರು: “ಉಣುಗು ನಮಗೆ ಎಲ್ಲಾ ವರ್ಷಾನೂ ಹತ್ತುತ್ತೆ ಡಾಕ್ಟ್ರೇ, ನೀವು ಬರೋದು ಮಂಗ ಸತ್ತ ವರ್ಷ ಮಾತ್ರ.”

ನನ್ನ ಪ್ರಶ್ನೆಯೂ ಅದೇ. ಮಂಗ ಸಾಯದ, ಮನುಷ್ಯರಿಗೆ ಜ್ವರ ಬಾರದ ವರ್ಷಗಳಲ್ಲಿ ಈ ವೈರಸ್ ಎಲ್ಲಿ ವಾಸವಾಗಿರುತ್ತದೆ? ಮಳೆಗಾಲದಲ್ಲಿ ದನಗಳ ಮೈಯೇರುವ ದೊಡ್ಡ ಉಣುಗುಗಳಲ್ಲಿಯೋ, ಬಿಲದ ಇಲಿಗಳಲ್ಲಿಯೋ, ನಾವು ಇನ್ನೂ ಕೈಯಿಟ್ಟು ನೋಡದ ಬೇರೊಂದು ಜೀವಿಯಲ್ಲಿಯೋ? 2012ರಲ್ಲಿ ಬಂಡೀಪುರದಲ್ಲಿ ಈ ವೈರಸ್ ಕಾಣಿಸಿಕೊಂಡಾಗ, ರೋಗ ಹೊಸ ಸೀಮೆಗೆ ಹಬ್ಬಿತೆಂದು ನಾವು ಹೇಳಿದೆವು. ಹಬ್ಬಿತೋ, ಅಲ್ಲಿಯೇ ಇದ್ದುದನ್ನು ನಾವು ಹುಡುಕದೆ ಹೋದೆವೋ ಎಂಬುದಕ್ಕೆ, ಅದರ ಹಿಂದಿನ ವರ್ಷಗಳ ಉಣುಗಿನ ಲೆಕ್ಕವಿಲ್ಲದೆ ಉತ್ತರ ಹೇಳಲಾಗದು. 2018-19ರಲ್ಲಿ ಇದೇ ರೋಗದಿಂದ ಸಾಗರ ತಾಲ್ಲೂಕಿನ ಅರಳಗೋಡಿನ ಜನ ಪಟ್ಟ ಪಾಡನ್ನು ಕಂಡವರು ಈ ಸಭೆಯಲ್ಲಿಯೇ ಇದ್ದೀರಿ, ನಾನು ವಿವರಿಸಬೇಕಾಗಿಲ್ಲ.

ಆದ್ದರಿಂದ ಇಲ್ಲಿ ಪ್ರಬಂಧ ಮಂಡಿಸಲಿರುವವರು, ತಮ್ಮ ಗ್ರಾಮಗಳಲ್ಲಿ ರೋಗ ಕಾಣದಿದ್ದ ವರ್ಷಗಳ ಪಟ್ಟಿಯನ್ನೂ, ಆ ವರ್ಷಗಳಲ್ಲಿ ಉಣುಗು ಸಂಗ್ರಹಿಸಲು ಯಾರಾದರೂ ಕಾಡಿಗೆ ಹೋಗಿದ್ದರೇ ಎಂಬುದನ್ನೂ ತಪ್ಪದೆ ತಿಳಿಸಬೇಕೆಂದು ಪ್ರಾರ್ಥಿಸಿ, ಮೊದಲನೆಯ ಗೋಷ್ಠಿಗೆ ವೇದಿಕೆಯನ್ನು ಬಿಟ್ಟುಕೊಡುತ್ತೇನೆ.